ನನ್ನಂಗೇ ಅವ್ಳೆ ಕಣಪ್ಪ

ಪೊಲೀಸರು ಕೊನೆಗೆ ಕ್ಷಮೆ ಕೇಳಿದರಂತಲ್ಲ ಎಂದು ನಮ್ಮೂರಿನಲ್ಲಿ ಈಗಲೂ ಹೇಳುವವರಿದ್ದಾರೆ. ನಾನು ಅಲ್ಲೇ ಇದ್ದೆ. ಯಾರೂ ಕ್ಷಮೆ ಕೇಳಲಿಲ್ಲ. "ಹೊರಡ್ರಮ್ಮ, ಬಸ್ಸು ಹೊಂಟೋಯ್ತದೆ" ಎಂದರು, ಅಷ್ಟೇ. ಅದನ್ನು ಕ್ಷಮೆ ಎನ್ನುವುದಾದರೆ ನಮ್ಮ ಕಂಡಕ್ಟರುಗಳು ದಿನವಿಡೀ ಕ್ಷಮೆ ಕೇಳುತ್ತಲೇ ಇದ್ದಾರೆ.

ಯಾವ ಠಾಣೆ, ಯಾವ ಬಸ್ ನಿಲ್ದಾಣ ಎಂದು ಬರೆಯುವುದಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲ. ಕಂಡ ಮುಖಕ್ಕೆಲ್ಲ ಹೆಸರು ಅಂಟಿಸುವವರು ಈಗಾಗಲೇ ಬೇಕಾದಷ್ಟಿದ್ದಾರೆ.

ಅಂದು ಠಾಣೆಯ ಬೆಂಚಿನ ಮೇಲೆ ಕೂತಿದ್ದವಳು ನನ್ನ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ಅಕ್ಕೂರಿನ ಕಡೆಯ ನಮ್ಮ ಊರಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅರ್ಧ ಎಕರೆ ಹಿಪ್ಪುನೇರಳೆ ಇಟ್ಟುಕೊಂಡು ಒಬ್ಬಳೇ ರೇಷ್ಮೆ ಹುಳ ಸಾಕುತ್ತಾಳೆ. ಅದಕ್ಕೂ ಮೊದಲು ಚನ್ನಪಟ್ಟಣದಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಕುದಿಯುವ ನೀರಿನ ಬಾಣಲೆಗೆ ಕೈಯಿಟ್ಟು ಗೂಡಿನ ಎಳೆ ಹುಡುಕುವ ಕೆಲಸ. ಬೆರಳ ತುದಿಗಳು ಬೆಂದು ಬೆಂದು ನುಣ್ಣಗಾಗಿವೆ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಿಷನ್ನು ಅವಳನ್ನು ಅವಳೆಂದು ಒಪ್ಪಿಕೊಂಡ ತಿಂಗಳುಗಳು ಕಡಿಮೆ. "ಮಿಷಿನ್ ಪಾಲಿಗೆ ನಾನು ಸತ್ತೋಗಿವ್ನಿ ಕಣವ್ವ" ಎಂದು ನಗುತ್ತಾಳೆ.

ಊರಿಗೆ ಬೇಕಾದದ್ದು ಅವಳ ಕಣ್ಣು. ನಾಲ್ಕನೇ ಸಲ ಪೊರೆ ಬಿಟ್ಟೆದ್ದ ಹುಳ ಒಂದು ವಾರ ಮಳೆ ಬಿದ್ದಂತೆ ಸದ್ದು ಮಾಡುತ್ತ ಸೊಪ್ಪು ತಿನ್ನುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ತಿನ್ನುವುದನ್ನು ಬಿಟ್ಟು ತಲೆಯೆತ್ತುತ್ತದೆ, ಮೈ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದು ಹಣ್ಣುಹುಳ. ಅದನ್ನು ಆ ದಿನವೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಡಬೇಕು. ತಡವಾದರೆ ಕಸದ ಮೇಲೆಯೇ ಎಳೆ ಉಗುಳಿ ಹಾಳಾಗುತ್ತದೆ. ಹಣ್ಣಾಗದ್ದನ್ನು ಬಿಟ್ಟರೆ ಗೂಡು ಕಟ್ಟದೆ ಒದ್ದಾಡುತ್ತದೆ. ಸಾವಿರಾರು ಹುಳ, ಒಂದೇ ದಿನ. ಆ ದಿನ ಎಂಟು ಹತ್ತು ಜೋಡಿ ಕೈ ಬೇಕು. ಅದಕ್ಕೇ ನಮ್ಮಲ್ಲಿ ಮುಯ್ಯಾಳು: ನಿಮ್ಮ ಹುಳ ಹಣ್ಣಾದ ದಿನ ನಾನು ಬರುತ್ತೇನೆ, ನಮ್ಮದು ಹಣ್ಣಾದ ದಿನ ನೀವು ಬನ್ನಿ.

ಹಳೇ ಮನೆಗಳಲ್ಲಿ ಹುಳದ ತಟ್ಟೆಗಳಿರುವುದು ನಡುಮನೆಯಲ್ಲೇ. ಪಕ್ಕದಲ್ಲೇ ಬೀರು, ದೇವರ ಗೂಡು, ಬಾಣಂತಿಯ ಮಂಚ. ಹುಳಕ್ಕೆ ಹೊರಗಿನವರ ದೃಷ್ಟಿ ತಾಕಬಾರದೆಂದು ನೆಂಟರನ್ನೂ ಬಾಗಿಲಲ್ಲೇ ನಿಲ್ಲಿಸುವ ಮನೆಗಳಿಗೆ ದೊಡ್ಡಮ್ಮ ಕಾಲು ತೊಳೆದು ಸೀದಾ ಒಳಗೆ ಹೋಗುತ್ತಿದ್ದಳು. ಹಾಗೆ ಒಳಗೆ ಹೋಗುವ ಹಕ್ಕೇ ಅವಳ ಆಸ್ತಿ. ಒಂಟಿ ಹೆಂಗಸಿನ ಹುಳ ಚಂದ್ರಿಕೆ ಏರುವುದು ಅದೊಂದರಿಂದಲೇ. ಕರೆಯುವವರು ನಿಂತರೆ, ಅವಳ ಮನೆಗೆ ಬರುವವರೂ ನಿಂತಂತೆ.

ಇನ್ನು ನನ್ನ ಪಾಲು. ಈ ಘಟನೆಗೆ ಕೆಲವು ತಿಂಗಳ ಮುಂಚೆ ಕನಕಪುರದ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯಿತ್ತು. ವಿಷಯ: ಪೊಲೀಸರಿಗೆ ಮುಖ ಗುರುತು ಹಿಡಿಯುವ ಕ್ಯಾಮೆರಾ ಬೇಕೇ, ಬೇಡವೇ. ಚೀಟಿ ಎತ್ತಿದೆ, 'ಪರ' ಬಂತು. ಚರ್ಚೆಯಲ್ಲಿ ಪಳಗಿದವರಿಗೆ ಅದೊಂದು ಸಂಕಟವೇ ಅಲ್ಲ, ಯಾವ ಕಡೆ ಬಂದರೂ ಗೆಲ್ಲುವುದನ್ನೇ ನಮಗೆ ಕಲಿಸಿರುತ್ತಾರೆ. ಎದುರಾಳಿ ಹುಡುಗ ಸಂವಿಧಾನ, ಖಾಸಗಿತನ ಎಂದು ಬೆವರುತ್ತಿದ್ದಾಗ ನಾನೆದ್ದು, "ತಪ್ಪು ಮಾಡದವರಿಗೆ ಕ್ಯಾಮೆರಾದ ಭಯವೇಕೆ? ಕನ್ನಡಿಗೆ ಹೆದರುವವನು ಮುಖ ತೊಳೆಯದವನು ಮಾತ್ರ" ಎಂದೆ. ಚಪ್ಪಾಳೆ. ಮೊದಲ ಬಹುಮಾನ. ಅಪ್ಪ ಆ ವಿಡಿಯೋವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ದೊಡ್ಡಮ್ಮ ನನ್ನ ಫೋನಿನಲ್ಲಿ ಮೂರು ಸಲ ನೋಡಿ, "ಕನ್ನಡಿ ಮಾತು ಚೆಂದಾಗೈತೆ ಕಣವ್ವ" ಎಂದಳು. ಆ ಸಾಲು ನೆನಪಾದರೆ ಈಗ ಹಳಸಿದ ಅನ್ನ ಬಾಯಿಗೆ ಬಂದಂತಾಗುತ್ತದೆ.

ಅದೊಂದು ಸೋಮವಾರ. ದೊಡ್ಡಮ್ಮನ ಮಗಳನ್ನು ಮಾಗಡಿಗೆ ಕೊಟ್ಟಿದೆ. ಮಾರನೆಯ ದಿನ ಮೊಮ್ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಅವಳ ಹುಳ ನಾಲ್ಕನೇ ಪೊರೆ ಬಿಟ್ಟು ಆಗಷ್ಟೇ ಎದ್ದಿತ್ತು, ಹಣ್ಣಾಗಲು ಒಂದು ವಾರವಿತ್ತು. ಎರಡು ದಿನ ಸೊಪ್ಪು ಹಾಕುವುದನ್ನು ನನ್ನ ಅವ್ವನಿಗೆ ಒಪ್ಪಿಸಿ, ಬಟ್ಟೆ ಚೀಲ ಹಿಡಿದು ಹೊರಟಳು. ಮಾಗಡಿಗೆ ರೈಲಿಲ್ಲ, ಬಸ್ಸು ಬದಲಾಯಿಸಲು ನಿಲ್ದಾಣದಲ್ಲಿ ಇಳಿದವಳನ್ನು ಇಬ್ಬರು ಪೊಲೀಸರು ಬಂದು ಜೀಪು ಹತ್ತಿಸಿದರು.

ನಾನು ರಾಮನಗರದಲ್ಲಿ ಕಾಲೇಜಿನಲ್ಲಿದ್ದೆ. ಫೋನು ಬಂತು. "ಒಸಿ ಬಾ ಕಣವ್ವ. ಇವ್ರು ನನ್ನ ಇನ್ಯಾರೋ ಅಂತವ್ರೆ."

ಹೋದಾಗ ಅವಳ ಚೀಲವನ್ನು ಮೇಜಿನ ಮೇಲೆ ಸುರುವಿದ್ದರು. ಎರಡು ಗಿಟುಕು ಕೊಬ್ಬರಿ, ರವೆಉಂಡೆಯ ಡಬ್ಬಿ, ಮಗುವಿಗೆ ಹಸಿರು ಬಳೆ, ಎಲೆಅಡಿಕೆ ಸಂಚಿ. ಸಂಚಿಯ ಒಳಜೇಬಿನಿಂದ ತೆಗೆದ ಪೇಪರಿನ ಸಣ್ಣ ಪೊಟ್ಟಣ ಬಿಚ್ಚಿಕೊಂಡು ಬಿದ್ದಿತ್ತು, ಅದರೊಳಗೆ ಕಡಲೆಕಾಳಿನಷ್ಟು ದೊಡ್ಡ ಒಂದು ಜೊತೆ ಚಿನ್ನದ ಓಲೆ.

"ಬಸ್ಸಲ್ಲಿ ಸರ ಕಿತ್ಕಳ್ಳೋ ಹೆಂಗ್ಸು ಇವ್ರು. ಕ್ಯಾಮ್ರಾ ಹಿಡ್ದೈತೆ" ಎಂದರು ಹೆಡ್ ಕಾನ್‌ಸ್ಟೇಬಲ್. ಹೊಟ್ಟೆ ಬಂದ, ನಿವೃತ್ತಿಗೆ ಹತ್ತಿರದ ಮನುಷ್ಯ.

"ಏನನ್ನ ಹಿಡೀತು ಸಾರ್? ಸರ ಕಿತ್ತದ್ದನ್ನಾ?"

"ಮುಖಾನ."

"ಮುಖ ಇಟ್ಕೊಂಡು ಬಸ್‌ಸ್ಟ್ಯಾಂಡಿಗೆ ಬರಬಾರದಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನಮ್ಮ, ಲಾಯರ್ರಾ?"

"ಅಲ್ಲ. ಓದ್ತಿದೀನಿ. ಡಿಬೇಟ್ ಮಾಡ್ತೀನಿ."

"ಅಂದ್ರೆ ಫೀಸ್ ಇಲ್ದಿರೋ ಲಾಯರ್ರು" ಎಂದರು. ಪಕ್ಕದ ಮಹಿಳಾ ಪೇದೆ ಕಿಸಕ್ಕನೆ ನಕ್ಕಳು.

ಫೋನು ತೋರಿಸಿದರು. ಎಡಕ್ಕೆ ಯಾವುದೋ ಹೆಂಗಸಿನ ಹಳೇ ಪಟ, ಬಲಕ್ಕೆ ನಿಲ್ದಾಣದ ಕಂಬದ ಮೇಲಿನಿಂದ ತೆಗೆದ ದೊಡ್ಡಮ್ಮನ ಮುಖ, ಕೆಳಗೆ ಹಸಿರು ಪಟ್ಟಿ. "ನೋಡು, ಫಸ್ಟ್ ಕ್ಲಾಸಲ್ಲಿ ಮ್ಯಾಚಾಗೈತೆ."

"ಎಷ್ಟು ಬಂದ್ರೆ ಪಾಸು ಸಾರ್?"

"ಅದೆಲ್ಲ ನಮ್ಗೊತ್ತಿಲ್ಲ. ಹಸ್ರು ಬಂದ್ರೆ ಕರ್ಕಂಬಾ ಅಂತವ್ರೆ, ಕರ್ಕಂಬತ್ತೀವಿ. ಅಲ್ಲಾ, ನಂ ಮ್ಯಾಲ್ಯಾಕೆ ಬೀಳ್ತೀಯಾ? ನಿಮ್ಮ ದೊಡ್ಡಮ್ಮನೇ ಒಪ್ಕಂಡವ್ರಲ್ಲ!"

ದೊಡ್ಡಮ್ಮ ಮಾಡಿದ್ದು ಇಷ್ಟು. ಪಟ ತೋರಿಸಿ "ಇದು ನೀನೇ ಅಲ್ವಾ?" ಎಂದು ಅವರು ಗದರಿದಾಗ, ಬೇರೆ ಯಾರಾದರೂ ಆಗಿದ್ದರೆ ನೋಡುವ ಮೊದಲೇ ಅಲ್ಲ ಎಂದು ಕಿರುಚುತ್ತಿದ್ದರು. ಅವಳು ಫೋನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹೋದಳಂತೆ. ತಟ್ಟೆಯ ಹುಳವನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ, ಅತ್ತ ಇತ್ತ ವಾಲಿಸಿ ನೋಡಿ, "ಹೂಂ ಕಣಪ್ಪ, ನನ್ನಂಗೇ ಅವ್ಳೆ. ಮೂಗು ನಂದೇ, ಗದ್ದಾನೂ ನಂದೇ. ಕಿವಿ ಒಂದ್ ಬ್ಯಾರೆ. ಅವ್ಳ ಕಿವಿ ಹಾಲೆ ಕೆನ್ನೆಗೆ ಅಂಟ್ಕಂಡೈತೆ, ನಂದು ಇಳಿಬಿದ್ದೈತೆ ನೋಡು" ಎಂದಳಂತೆ. ಮೂಗು ಗದ್ದಗಳು ಠಾಣೆಯ ಪುಸ್ತಕ ಸೇರಿದವು. ಕಿವಿ ಹೊರಗೇ ಉಳಿಯಿತು.

"ಯಾಕ್ ದೊಡ್ಡವ್ವಾ ಹಂಗಂದೆ?" ಎಂದು ಹಲ್ಲು ಕಚ್ಚಿ ಕೇಳಿದೆ.

"ಇರಾದ್ನ ಇಲ್ಲ ಅನ್ನಕ್ಕಾಯ್ತದಾ? ಹೋಲ್ತಾಳೆ. ಹೋಲಿದ್ರೆ ಅವ್ಳೇ ಆಗೋಯ್ತೀನಾ? ಹಣ್ಣುಹುಳನೂ ರೋಗದ ಹುಳನೂ ಹೋಲ್ತವೆ. ಅದ್ಕೇ ಅಲ್ವಾ ಆರ್ಸಕ್ಕೆ ಮನುಷ್ರು ಬೇಕಾಗಿರಾದು?"

ನಾನು ಗೆದ್ದ ಚರ್ಚೆಗಳಲ್ಲಿ ಇಷ್ಟು ಒಳ್ಳೆಯ ವಾದ ಯಾರೂ ಹೂಡಿರಲಿಲ್ಲ. ಅದನ್ನು ಬರೆದುಕೊಳ್ಳಲು ಆ ಮೇಜಿನಾಚೆ ಯಾರಿಗೂ ಮನಸ್ಸಿರಲಿಲ್ಲ.

ಆಮೇಲೆ ಓಲೆಯ ಸರದಿ. "ಬಿಲ್ ಎಲ್ಲಿ?" ಎಂದರು.

"ನಮ್ಮವ್ವನ ಓಲೆ ಕರಗ್ಸಿ ಮಾಡ್ಸಿದ್ದು ಕಣಪ್ಪ. ಬಿಲ್ ಕೊಡಕ್ಕೆ ನಮ್ಮವ್ವ ಎದ್ ಬರ್ಬೇಕಾ?"

ಕೊನೆಗೆ ಬೆರಳಚ್ಚಿನ ಡಬ್ಬಿ ತಂದರು. ನನಗೊಂದು ಕ್ಷಣ ಸಮಾಧಾನವಾಯಿತು. ಇದಾದರೂ ಇವಳು ಅವಳಲ್ಲ ಎಂದು ಹೇಳುತ್ತದೆ ಎಂದುಕೊಂಡೆ. ಹೆಬ್ಬೆಟ್ಟು ಇಟ್ಟಳು, ಕೆಂಪು ದೀಪ. ತೋರುಬೆರಳು, ಕೆಂಪು. ಸೆರಗಿಗೆ ಒರೆಸಿ ಇಟ್ಟಳು, ಕೆಂಪು. ಹೆಡ್ ಕಾನ್‌ಸ್ಟೇಬಲ್ ಅವಳ ಕೈಯನ್ನು ತಿರುಗಿಸಿ ನೋಡಿ, ಒಳಕೋಣೆಯ ಕಡೆ ಕೂಗಿದರು: "ಸಾರ್, ಪಳಗಿದ ಆಸಾಮಿ ಸಾರ್. ಬೆರಳೇ ಸವ್ಸ್ಕಂಡವ್ಳೆ!"

ನೀವು ಮದುವೆಗೆ ಉಡುವ ರೇಷ್ಮೆಗೆ ಅವಳ ಬೆರಳಿನ ಗೆರೆ ಹೋಯಿತು ಎಂದು ಕೂಗಿದೆ. ಕೂಗಬಾರದೆಂದು ಮಹಿಳಾ ಪೇದೆ ಹೇಳಿದಳು. ಒಂದು ಮಿಷನ್ನಿಗೆ ದೊಡ್ಡಮ್ಮ ಯಾರೂ ಅಲ್ಲ, ಇನ್ನೊಂದಕ್ಕೆ ಅವಳು ಇನ್ಯಾರೋ. ಅವಳು ಯಾರೆಂದು ಅವಳನ್ನೇ ಕೇಳಬಹುದೆಂಬುದು ಮಾತ್ರ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸಂಜೆಯ ಹೊತ್ತಿಗೆ ಬಿಡುಗಡೆಯಾಯಿತು. ನನ್ನ ವಾದದಿಂದ ಎಂದು ತಿಳಿಯಬೇಡಿ. ಒಳಗಿದ್ದ ಸಬ್ ಇನ್ಸ್‌ಪೆಕ್ಟರ್, ನನಗಿಂತ ಐದಾರು ವರ್ಷ ದೊಡ್ಡವರಿರಬಹುದು, ಆ ಪಟ ಕಳಿಸಿದ್ದ ಠಾಣೆಗೆ ಫೋನು ಮಾಡಿದರು. ಆಚೆಯಿಂದ ಏನೋ ಹೇಳಿದರು. ಇವರು ಮುಖ ಕಿವುಚಿಕೊಂಡು ಫೋನಿಟ್ಟು, "ಅವಳು ಜೈಲಲ್ಲಿದಾಳಂತೆ ಕಣ್ರೀ. ಆಗಲೇ ಮೂರು ತಿಂಗಳಾಯ್ತಂತೆ. ಲಿಸ್ಟಿಂದ ತೆಗೆದಿಲ್ಲ" ಎಂದರು.

ತಾವೇ ಕೂಡಿಹಾಕಿದ ಹೆಂಗಸನ್ನು ಕಂಬದ ಮೇಲೆ ಕಣ್ಣಿಟ್ಟು ಹುಡುಕುತ್ತಿದ್ದರು.

ಬಿಡುವ ಮುಂಚೆ ದೊಡ್ಡಮ್ಮನನ್ನು ಗೋಡೆಗೆ ನಿಲ್ಲಿಸಿ ಎದುರಿಂದೊಂದು, ಪಕ್ಕದಿಂದೊಂದು ಪಟ ತೆಗೆದರು. ಯಾಕೆ ಎಂದೆ. "ರೆಕಾರ್ಡಿಗೆ." ಅಳಿಸುವುದು ಯಾವಾಗ ಎಂದೆ. "ಅದು ಮ್ಯಾಲಿನೋರ್ದು, ನಮ್ ಕೈಲಿಲ್ಲ." ಬೆಳಿಗ್ಗೆ ಅವಳ ಪಟ ಯಾವ ಪಟ್ಟಿಯಲ್ಲೂ ಇರಲಿಲ್ಲ. ಸಂಜೆ, ಅವಳು ನಿರಪರಾಧಿ ಎಂದು ತೀರ್ಮಾನವಾದ ಮೇಲೆ, ಇತ್ತು. ಆಮೇಲೆ ಬಂದದ್ದು ಬಸ್ಸು ಹೊರಡುವ ಮಾತು.

ನಿಲ್ದಾಣದಲ್ಲಿ ನಿಂತು ಮಾಗಡಿ ಬಸ್ಸು ತೋರಿಸಿದೆ. ಅವಳು ತಲೆಯಾಡಿಸಿದಳು. "ಸ್ಟೇಷನ್ ಮೇಜಿನ ಮ್ಯಾಲೆ ಬಿದ್ದ ಓಲೆ ಮಗೀಗೆ ಬ್ಯಾಡ ಕಣವ್ವ. ಊರ್ಗೇ ಹೋಗವಾ." ಕಂಬದ ಕೆಳಗೆ ಹಾದುಹೋಗುವಾಗ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಮಾವನ ಮುಂದೆ ಎಳೆದುಕೊಳ್ಳುತ್ತಿದ್ದ ಹಾಗೆ.

ನಾವು ಊರು ತಲುಪುವ ಮೊದಲೇ ಅವಳು ತಲುಪಿದ್ದಳು. ನಿಲ್ದಾಣದಲ್ಲಿದ್ದ ಯಾರೋ ಅವಳನ್ನು ಜೀಪು ಹತ್ತಿಸುವುದನ್ನು ಫೋನಿನಲ್ಲಿ ಹಿಡಿದು ಹಂಚಿದ್ದರು. ನನ್ನ ಭಾಷಣವಿದ್ದ ಅದೇ ಗುಂಪಿನಲ್ಲಿ ಅದೂ ಬಂದು ಕೂತಿತ್ತು. ನಾನು ನಡೆದದ್ದನ್ನೆಲ್ಲ ಉದ್ದಕ್ಕೆ ಬರೆದು ಹಾಕಿದೆ. ಒಬ್ಬರು ಕೈಮುಗಿಯುವ ಚಿತ್ರ ಕಳಿಸಿದರು. ಇನ್ನೊಬ್ಬರು ಗುಲಾಬಿ ಹೂವಿನ ಶುಭರಾತ್ರಿ ಹಾಕಿದರು.

ಯಾರೂ ಅವಳನ್ನು ಕಳ್ಳಿ ಎನ್ನಲಿಲ್ಲ. ಎಂದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಮಾತಾಡದವರಿಗೆ ಏನೆಂದು ಎದುರುತ್ತರ ಕೊಡುವುದು? ಗುರುವಾರ ಕೆಳಗಿನ ಬೀದಿಯ ಒಂದು ಮನೆಯಲ್ಲಿ ಹುಳ ಹಣ್ಣಾಯಿತು. ದೊಡ್ಡಮ್ಮ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಹಳೇ ಸೀರೆಯುಟ್ಟು ಜಗಲಿಯ ಮೇಲೆ ಕೂತಳು. ಕರೆ ಬರಲಿಲ್ಲ. ಆ ಮನೆಯ ಮುಂದೆ ಚಪ್ಪಲಿಗಳ ಸಾಲು ನಮ್ಮ ಜಗಲಿಗೆ ಕಾಣುತ್ತಿತ್ತು. ಮಧ್ಯಾಹ್ನ ಎದ್ದು, "ನೆಂಟ್ರು ಬಂದಿರ್ಬೇಕು ಅವ್ರಿಗೆ, ಕೈ ಸಾಕಾಗವೆ" ಎಂದು ತನ್ನ ಹುಳಕ್ಕೆ ಸೊಪ್ಪು ಹಾಕಲು ಹೋದಳು. ಸೋಮವಾರಕ್ಕೆ ಅವಳ ಹುಳವೂ ಹಣ್ಣಾಗುವುದಿತ್ತು. ಯಾರೂ ಬರದಿದ್ದರೆ ನಾನು, ಅವ್ವ, ಅವಳು, ಮೂರೇ ಜನ. ಅರ್ಧಕ್ಕರ್ಧ ಹುಳ ಕಸದ ಪಾಲು. ಲೆಕ್ಕ ಅವಳಿಗೂ ಗೊತ್ತಿತ್ತು.

ಶುಕ್ರವಾರ ನಾನು ಎದುರುಮನೆಗೆ ಹೋದೆ. ನಮ್ಮ ಬೀದಿಯ ದೊಡ್ಡ ಮನೆ, ಎಲ್ಲರಿಗಿಂತ ಹೆಚ್ಚು ಹುಳ. ಯಜಮಾನ ಏಣಿಯ ಮೇಲೆ ನಿಂತು ನಡುಮನೆಯ ಬಾಗಿಲ ನೆತ್ತಿಗೆ ಹೊಸ ಕ್ಯಾಮೆರಾ ಬಿಗಿಯುತ್ತಿದ್ದ.

"ಇದ್ಯಾಕಣ್ಣ?"

"ಹುಳ ನೋಡ್ಕಳಕ್ಕೆ ಕಣವ್ವ. ತ್ವಾಟದಲ್ಲಿದ್ರೂ ಫೋನಲ್ಲೇ ಕಾಣ್ತದೆ."

"ಹೊರಗಿನ ದೃಷ್ಟಿ ಬೀಳಬಾರದು ಅಂತ ನೆಂಟರನ್ನೇ ಬಿಡಲ್ಲ. ಇದರ ದೃಷ್ಟಿ ತಾಕಲ್ವಾ?"

"ಇದ್ಕೇನ್ ಹೊಟ್ಟೆಕಿಚ್ಚಾ?" ಎಂದು ನಕ್ಕ.

"ಅದು ಹುಳದ ಕಡೆ ತಿರುಗಿಲ್ಲ ಅಣ್ಣ. ಬೀರು ಕಡೆ ತಿರುಗಿದೆ."

ಅವನ ನಗು ನಿಂತಿತು. ಏಣಿಯಿಂದ ಇಳಿಯದೆಯೇ ಹೇಳಿದ: "ನೀನೇ ಅಲ್ವೇನವ್ವಾ ಹೇಳಿದ್ದು? ತಪ್ಪು ಮಾಡ್ದೇ ಇರೋರಿಗೆ ಕ್ಯಾಮ್ರಾ ಭಯ ಯಾಕೆ ಅಂತ. ಪ್ರೈಜು ಬೇರೆ ತಕ್ಕಂಡೆ."

ಅದು ಚೀಟಿಯಲ್ಲಿ ಬಂದ ಪಕ್ಷ, ನನ್ನ ಅಭಿಪ್ರಾಯವಲ್ಲ ಎಂದು ವಿವರಿಸಲು ಹೊರಟೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಅಸಹ್ಯವಾಗಿ ಕೇಳಿಸಿತು. ಆಡಿದ ಮಾತಿಗೆ ಚಪ್ಪಾಳೆ ತೆಗೆದುಕೊಳ್ಳುವಾಗ ಚೀಟಿಯ ಸುದ್ದಿ ನಾನೂ ಎತ್ತಿರಲಿಲ್ಲ. ವಾಪಸು ಬಂದೆ.

ಶನಿವಾರ ಬೆಳಿಗ್ಗೆ ಎದುರುಮನೆಯ ಹುಳ ಒಂದು ದಿನ ಮುಂಚೆಯೇ ಹಣ್ಣಾಗಿಬಿಟ್ಟವು, ಎಲ್ಲ ತಟ್ಟೆಯಲ್ಲೂ ಒಟ್ಟಿಗೆ. ಇದ್ದ ಕೈಗಳು ಸಾಲಲಿಲ್ಲ. ಎದುರುಮನೆಯಾಕೆ ಓಡಿಬಂದು ನಮ್ಮ ಬಾಗಿಲಲ್ಲಿ ನಿಂತು, ದೊಡ್ಡಮ್ಮನ ಮುಖ ನೋಡದೆ, "ಬಾ ಅಕ್ಕಯ್ಯ, ತಡ್ಯಕ್ಕಾಯ್ತಿಲ್ಲ" ಎಂದಳು.

"ಹೋಗ್ಬೇಡ" ಎಂದೆ ನಾನು. "ಗುರುವಾರ ಕೈ ಸಾಕಾಗಿದ್ವಲ್ಲ, ಇವತ್ತೂ ಸಾಕಾಗ್ಲಿ."

"ಸುಮ್ಕಿರವ್ವ. ಹುಳ ಏನ್ ಮಾಡ್ತು?" ಎಂದು ಚಪ್ಪಲಿ ಮೆಟ್ಟಿದಳು. ನಾನೂ ಹಿಂದೆಯೇ ಹೋದೆ.

ಅವಳು ಬಾಗಿಲಲ್ಲಿ ಕಾಲು ತೊಳೆದು, ಹೊಸ ಕ್ಯಾಮೆರಾವನ್ನು ಒಮ್ಮೆ ತಲೆಯೆತ್ತಿ ನೋಡಿ, ಒಳಗೆ ಹೋದಳು. ನಾಲ್ಕು ಗಂಟೆ ಹೊತ್ತು ಬಗ್ಗಿದ ಸೊಂಟ ಎತ್ತಲಿಲ್ಲ. ನಾನು ಎರಡು ಹುಳ ಹಿಡಿದು ಯಾವುದು ಹಣ್ಣು ಎಂದು ಯೋಚಿಸುವುದರೊಳಗೆ ಅವಳು ಇಪ್ಪತ್ತು ಆರಿಸಿರುತ್ತಿದ್ದಳು. ಹೆಂಗಸರು ಮೊದಲು ಬಿಗುವಾಗಿದ್ದರು, ಆಮೇಲೆ ಮಾತು ಬಂತು. ಒಬ್ಬಳ ಸೊಸೆಯ ದೂರು, ಇನ್ನೊಬ್ಬಳ ಮಂಡಿನೋವು. ಸೋಮವಾರ ಅಕ್ಕಯ್ಯನದು ಎಂದು ಯಾರೋ ಅಂದರು. ಹೂಂ, ಬರೋಣ ಎಂದು ನಾಲ್ಕೈದು ದನಿ ಬಂದವು. ಗೆದ್ದೆವು ಎಂದುಕೊಂಡೆ ನಾನು.

ಕೆಲಸ ಮುಗಿಸಿ ಎಲ್ಲರೂ ಎದ್ದರು. ದೊಡ್ಡಮ್ಮ ನಡುಮನೆಯ ಬಾಗಿಲಿಗೆ ಬಂದು, ಸರಿಯಾಗಿ ಕ್ಯಾಮೆರಾದ ಕೆಳಗೆ, ನಿಂತಳು. ಯಾರೂ ಏನೂ ಕೇಳಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ, ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು, ಮೂರು ಸಲ ಕೊಡವಿದಳು. ಎಲೆಅಡಿಕೆ ಸಂಚಿಯ ಬಾಯಿ ಹಿಗ್ಗಿಸಿ ಎದುರುಮನೆಯಾಕೆಯ ಮುಂದೆ ಹಿಡಿದಳು.

ಛೆ, ಬುಡಕ್ಕಯ್ಯ, ಇದೇನು ಎಂದು ಅವಳು ಆ ಕೈಯನ್ನು ಕೆಳಗೆ ತಳ್ಳಬಹುದಿತ್ತು. ನಾನು ಅದಕ್ಕೇ ಕಾದೆ. ಅವಳು ಸಂಚಿಯೊಳಗೆ ನೋಡಿದಳು. ಒಂದು ಗಳಿಗೆ, ಅಷ್ಟೇ. ಆದರೆ ನೋಡಿದಳು.

ಕೊಡವಿದ ಸೆರಗಿನಿಂದ ಒಂದು ಹಣ್ಣುಹುಳ ನೆಲಕ್ಕೆ ಬಿದ್ದಿತ್ತು. ಹುಳ ಆರಿಸುವವರ ಬಟ್ಟೆಗೆ ಅಂಟಿಕೊಳ್ಳುವುದು ಇದ್ದದ್ದೇ. ಯಜಮಾನ ಬಗ್ಗಿ ಎತ್ತಿಕೊಂಡು, "ಸಿಕ್ಕಾಕ್ಕಂಡ್ಯಲ್ಲಾ ಅಕ್ಕಯ್ಯ, ಮಾಲು ಸಮೇತ!" ಎಂದ. ಎಲ್ಲರೂ ನಕ್ಕರು. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ನನಗೆ ಹೇಸಿಗೆಯಾದದ್ದು. ದೊಡ್ಡಮ್ಮನೂ ನಕ್ಕಳು.

ಬೀದಿ ದಾಟುವಾಗ ಸಿಟ್ಟು ತಡೆಯಲಾಗದೆ ಕೇಳಿದೆ. "ಯಾರ್ ಕೇಳಿದ್ರು ನಿನ್ನ? ಯಾಕ್ ಕೊಡವಿದೆ?"

"ಅವ್ರು ಕೇಳಾಕ್ ಮುಂಚೆ ನಾನೇ ತೋರ್ಸುಬುಟ್ರೆ ಮರ್ವಾದಿ ನಂತಾವೇ ಉಳೀತದೆ ಕಣವ್ವ."

ನನ್ನಲ್ಲಿ ಇದಕ್ಕೆ ಪ್ರತಿವಾದವಿತ್ತು. ಒಂದಲ್ಲ, ಮೂರಿದ್ದವು. ಅವಳ ಹಿಂದೆಯೇ ಅವಳ ಹುಳಕ್ಕೆ ಸೊಪ್ಪು ಹಾಕಲು ಹೋದೆ.

ಸೋಮವಾರ ಎಂಟು ಜನ ಹೆಂಗಸರು ಬಂದರು. ಹುಳವೆಲ್ಲ ಚಂದ್ರಿಕೆಗೆ ಏರಿತು, ಒಂದೂ ಕಸಕ್ಕೆ ಹೋಗಲಿಲ್ಲ. ದೊಡ್ಡಮ್ಮ ಮುದ್ದೆ, ಅವರೆಕಾಳು ಸಾರು ಮಾಡಿ ಬಡಿಸಿದಳು. ಎಲ್ಲ ಸರಿಹೋಯಿತಲ್ಲ ಎಂದು ಅಪ್ಪ ಸಮಾಧಾನಪಟ್ಟರು. ಊಟವಾದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬೀರುವಿನ ಪಕ್ಕದಿಂದಲೇ ಹಾದು ಹೊರಗೆ ಹೋದರು. ಅವರಲ್ಲಿ ಯಾರೂ ಸೆರಗು ಕೊಡವಲಿಲ್ಲ. ಬಾಗಿಲಲ್ಲಿ ನಿಂತು ಎಲೆಅಡಿಕೆ ಕೊಡುತ್ತಿದ್ದ ದೊಡ್ಡಮ್ಮ ಯಾರ ಸೆರಗಿನ ಕಡೆಗೂ ನೋಡಲಿಲ್ಲ.